ಹಲಗೆಯದೇನೂ ತಪ್ಪಿರಲಿಲ್ಲ

ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ವರ್ಷವರ್ಷವೂ ಮಾಡುವ ಪಾಠವೊಂದಿದೆ. ಹಲಗೆಯ ಮೇಲೆ ಗಾಳಿ ಹರಿಯುವಾಗ ಮೇಲ್ಮೈಗೆ ಅಂಟಿದಂತೆ ನಿಧಾನವಾಗಿ ಸಾಗುವ ತೆಳು ಪದರವೊಂದು ಇರುತ್ತದೆ. ಬರುವ ಗಾಳಿಯೇ ಕಲಕಿದ್ದರೆ ಆ ಕಲಕಾಟ ಪದರದೊಳಗೆ ನುಸುಳಿ ಸಣ್ಣ ಅಲೆ ಎಬ್ಬಿಸುತ್ತದೆ. ಅಲೆ ಬೆಳೆದು ಪದರ ಚೆದುರಿಹೋಗುತ್ತದೆ. ಹಲಗೆ ಎಷ್ಟೇ ನುಣುಪಾಗಿರಲಿ, ಹೀಗಾಗಬಹುದು. ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಪ್ರಯೋಗಾಲಯದಲ್ಲಿ ಗಾಳಿ ಹಾಯಿಸುವ ಸುರಂಗವಿದೆ. ಅದಕ್ಕೊಂದು ತೇಗದ ಹಲಗೆ ಬೇಕಿತ್ತು. ಹುಣಸೂರಿನ ಬಡಗಿ ಆಚಾರರಿಗೆ ಹೇಳಿದೆ. ಅಲ್ಲೇ ಹತ್ತಿರದ ಕಟ್ಟೆಮಳಲವಾಡಿಯ ನಮ್ಮ ಮನೆಯ ಬಾಗಿಲು ಕಿಟಕಿಗಳೆಲ್ಲ ಅವರು ಮಾಡಿದವೇ. ಹಲಗೆ ಕೂರಿಸಿ ಹೊಗೆ ಬಿಟ್ಟರೆ, ಹೊಗೆಯ ಗೆರೆ ಅರ್ಧ ದಾರಿಯಲ್ಲೇ ನಡುಗಿ ಚೆದುರಿತು. ನುಣುಪು ಸಾಲದೆಂದು ವಾಪಸು ಕಳಿಸಿದೆ. ಉಜ್ಜಿ ತಂದರು, ಮತ್ತೆ ಅದೇ ಕತೆ. ಮೂರನೆಯ ಸಲ ಆಚಾರರು ಪಕ್ಕದಲ್ಲೇ ನಿಂತು ನೋಡಿದರು.

"ಅಲಗೇಲಿ ಏನೂ ಇಲ್ಲ ಕಣ್ರೀ ಮೇಷ್ಟ್ರೇ. ಬರೋ ಗಾಳಿನ ಒಂದ್ಸಲ ನೋಡಿ."

ವಿದ್ಯಾರ್ಥಿಗಳು ಕಿಸಕ್ಕೆಂದರು. ನನಗೆ ಎಲ್ಲಿತ್ತೋ ಕೋಪ.

"ಗಾಳಿಯ ವಿಷಯ ನನಗೆ ಬಿಡಿ. ನಿಮಗೆ ವಯಸ್ಸಾಯಿತು, ಕೈ ನಡುಗುತ್ತಿದೆ," ಎಂದೆ.

ಅವರು ಹಲಗೆಯನ್ನು ಕಂಕುಳಿಗೆ ಸೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಅದಾದ ವಾರಕ್ಕೆ ಸುರಂಗದ ಬಾಯಿಯ ಜಾಲರಿ ಬಿಚ್ಚಿದೆ. ಬರುವ ಗಾಳಿಯ ಕಲಕಾಟ ತಗ್ಗಿಸುವುದೇ ಅದರ ಕೆಲಸ. ಮೂಲೆಯಲ್ಲಿ ಹರಿದು ಅಂಗೈಯಗಲ ತೂತಾಗಿತ್ತು. ಅದನ್ನು ನೋಡಿಕೊಳ್ಳಬೇಕಾದವನು ನಾನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ತೆಪ್ಪಗೆ ಹೊಸ ಜಾಲರಿ ಹಾಕಿಸಿದೆ. ಅಷ್ಟರಲ್ಲಿ ಆಚಾರರು ಮತ್ತೆ ಉಜ್ಜಿದ ಹಲಗೆ ನಾಲ್ಕನೆಯ ಸಲ ಬಂತು. ಹೊಗೆ ನೆಟ್ಟಗೆ ಹೋಯಿತು.

ತಪ್ಪೊಪ್ಪಿಕೊಳ್ಳಲೆಂದೇ ಹುಣಸೂರಿಗೆ ಹೋದೆ.

"ಈಗೆಂಗದೆ ಮೇಷ್ಟ್ರೇ?" ಎಂದು ಅವರೇ ಮೊದಲು ಕೇಳಿದರು.

"ಸರಿಹೋಯ್ತು," ಎಂದೆ.

ಅವರು ಎರಡೂ ಅಂಗೈ ಬಿಡಿಸಿ ನೋಡಿಕೊಂಡರು. "ಅಂಗಾದ್ರೆ ನೀವೇಳಿದ್ದೇ ನಿಜ ಬುಡಿ. ನನ್ ಕೈಯೇ ನಡುಗ್ತಿತ್ತು. ಮೊನ್ನೆ ಒಬ್ರು ಬಾಗ್ಲು ಕೆತ್ತನೆ ಕೆಲ್ಸ ತಂದಿದ್ರು. ನಾಜೂಕು ಕೆಲ್ಸ ಇನ್ ನನ್ ಕೈಲಾಗಲ್ಲ ಅಂತ ಕಳಿಸ್ಬುಟ್ಟೆ."

ಜಾಲರಿ ಹರಿದಿತ್ತು ಎಂಬ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವರು ತರಿಸಿಕೊಟ್ಟ ಟೀ ಕುಡಿದು ಬಸ್ಸು ಹತ್ತಿ ಬಂದೆ.