ಎ ಮತ್ತು ಇ ಇರುವ ಐದಕ್ಷರ

ಈಗೀಗ ಸಂಜೆಯಾದರೆ ಸಾಕು, ನಮ್ಮ ಮನೆಯ ಫೋನಿನ ಮೇಲೆ ಐದು ಖಾಲಿ ಚೌಕಗಳು ಬಂದು ಕೂರುತ್ತವೆ. ಇಂಗ್ಲಿಷಿನ ಐದಕ್ಷರದ ಪದವೊಂದನ್ನು ಊಹಿಸಿ ತುಂಬಬೇಕು. ಮೊನ್ನೆ ಮಗಳು ಚಿನ್ನು, "ಅಪ್ಪಾ, ಎ ಐತಿ, ಇ ಐತಿ, ಉಳಿದದ್ದು ಹೇಳು" ಎಂದಳು. ನನಗೆ ಬೆವರು ಕಿತ್ತುಬಂತು. ಬಳ್ಳಾರಿಯಲ್ಲಿ ಬೆವರಲು ಕಾರಣ ಬೇಕಿಲ್ಲ ಬಿಡಿ, ಆದರೆ ಇದು ಬಿಸಿಲಿನ ಬೆವರಲ್ಲ. ಈ ಎ ಮತ್ತು ಇ ಸೇರಿಕೊಂಡು ಒಮ್ಮೆ ನನ್ನ ಮದುವೆಯನ್ನೇ ತಪ್ಪಿಸಲು ನೋಡಿದ್ದವು.

ಆಗ ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಪರೀಕ್ಷೆ ಕಾಯಲು ಸಿರುಗುಪ್ಪಕ್ಕೆ ಹಾಕಿದ್ದರು. ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದವಳು ಸುಜಾತ, ಬಳ್ಳಾರಿಯ ಗಣಿತದ ಟೀಚರು. ಕಿಟಕಿಯಾಚೆ ನಿಂತು ಮಗನಿಗೆ ಉತ್ತರ ಕೂಗುತ್ತಿದ್ದ ದೊಡ್ಡ ಮೀಸೆಯವನೊಬ್ಬನಿಗೆ ಆಕೆ ಶಾಂತವಾಗಿ, "ಅಣ್ಣಾರ, ನೀವು ಹೇಳಾಕತ್ತಿದ್ದು ತಪ್ಪು ಉತ್ತರ ಐತಿ. ಮಗನ್ನ ಫೇಲ್ ಮಾಡಬ್ಯಾಡ್ರಿ" ಎಂದಳು. ಮೀಸೆಯವ ಹೌಹಾರಿ ಹೊರಟೇ ಹೋದ. ಉತ್ತರ ನಿಜಕ್ಕೂ ತಪ್ಪಿತ್ತೇ ಎಂದು ಆಮೇಲೆ ಕೇಳಿದೆ. "ನನಗೇನು ಗೊತ್ತು, ಅದು ಸಮಾಜ ಪೇಪರು" ಎಂದಳು. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಆಕೆಯ ತೀರ್ಮಾನ ಏನೆಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಹಿರಿಯರ ಮೂಲಕ ಹೇಳಿಕಳಿಸಿದೆ.

ಸುಜಾತಳ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಅಪ್ಪ ಟೈಪಿಂಗ್ ಕಲಿಸುತ್ತಿದ್ದವರು. ಪೇಪರಿನ ಪದಬಂಧ ತುಂಬದೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರ ಸಂಬಳ ವಿಚಾರಿಸುವ ಮೊದಲು ಒಂದು ಪದ ಕೇಳುತ್ತಾರೆಂದು ಊರೆಲ್ಲ ಸುದ್ದಿ. ಪದ ಹೇಳಿದವನಿಗೆ ಮಂಡಕ್ಕಿ ಒಗ್ಗರಣೆ-ಮಿರ್ಚಿ, ಮೇಲೆ ಚಹಾ, ಅದರ ಮೇಲೆ "ತಿಳಿಸ್ತೀವ್ರಿ" ಎಂಬ ಮಾತು, ಆಮೇಲೆ ಬಾಗಿಲು. ಪದ ಹೇಳದವನಿಗೆ ನೇರ ಬಾಗಿಲು. ನಾನು ಮೀಸೆ ತಿರುವಿಕೊಂಡೇ ಹೋದೆ ಅನ್ನಿ. ಇಂಗ್ಲಿಷ್ ಮಾಸ್ತರನಿಗೆ ಇಂಗ್ಲಿಷ್ ಪದದ ಹೆದರಿಕೆಯೇ?

ಬಸ್ಸು ತಡವಾಗಿ, ನಾನು ಕೂರುವಷ್ಟರಲ್ಲಿ ಸುಜಾತಳ ಅಜ್ಜಿ ದೇವರ ಮುಂದೆ ದೀಪ ಹಚ್ಚಿ ಬಂದು ಎದುರಿಗೇ ಕೂತಿದ್ದರು. ಮೊಮ್ಮಗಳು ಪಕ್ಕದಲ್ಲಿ. ನಿಮಗೆ ಗೊತ್ತಲ್ಲ, ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಕೆಲವು ಮಾತು ಆಡುವಂತಿಲ್ಲ. ಹಾವನ್ನು ಹುಳ ಎನ್ನಬೇಕು. ಡಬ್ಬಿಯಲ್ಲಿ ಅಕ್ಕಿ ತೀರಿದರೆ ತೀರಿತು ಎನ್ನಬಾರದು, ತುಂಬಿತು ಎನ್ನಬೇಕು. ಅಜ್ಜಿ ಈ ಕಾನೂನನ್ನು ಇಂಗ್ಲಿಷಿಗೂ ಹಾಕಿದ್ದರು.

"ಯಾವ ಭಾಷಿ ಆದ್ರೇನು, ಮಾತು ಮಾತ. ದೀಪಕ್ಕ ಇಂಗ್ಲಿಷ್ ಬರಂಗಿಲ್ಲ ಅಂತ ನಿಮಗ ಯಾರು ಹೇಳ್ಯಾರ?"

ನಾನು ಹೇಳಿದ ಪದದ ಅರ್ಥವನ್ನು ಸುಜಾತ ಅಜ್ಜಿಯ ಕಿವಿಯಲ್ಲಿ ಹೇಳಬೇಕು, ಅಜ್ಜಿ ಒಪ್ಪಬೇಕು. ಆಮೇಲಷ್ಟೇ ಅದು ಪದ.

"ಐದಕ್ಷರ. ಎ ಇರಬೇಕು, ಇ ಇರಬೇಕು. ಹೇಳ್ರಿ ಮಾಸ್ತರ" ಎಂದರು ಅಪ್ಪ.

ನನ್ನ ಬಾಯಿಗೆ ಮೊದಲು ಬಂದದ್ದು ಡೆತ್. ದೇವರಾಣೆ, ಅದೇ ಬಂತು. ಸುಜಾತ ಬಗ್ಗಿ ಪಿಸುಗುಟ್ಟಿದಳು. ಅಜ್ಜಿ ಆಂಧ್ರದ ಕಡೆಯವರು, ಗಾಬರಿಯಾದರೆ ತೆಲುಗಿಗೆ ಇಳಿಯುತ್ತಿದ್ದರು. "ಅಯ್ಯಯ್ಯೋ, ವದ್ದು ವದ್ದು!" ಎಂದು ಬೇಡವೆಂಬಂತೆ ಎರಡೂ ಕೈ ಆಡಿಸಿದರು. ಸುಧಾರಿಸಿಕೊಂಡು ಸ್ನೇಕ್ ಎಂದೆ. ವದ್ದು. ಗ್ರೇವ್ ಎಂದೆ. ಅಜ್ಜಿ ಎದ್ದು ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿ ಬಂದರು. ನನ್ನ ತಲೆಯೊಳಗೆ ಅಂದು ಯಾರದೋ ಸಾವಿನ ಮನೆಯ ಸಾಮಾನೆಲ್ಲ ಸಾಲಾಗಿ ನಿಂತಿತ್ತು. ಕಷ್ಟಪಟ್ಟು ಅದನ್ನು ಒದರಿ, ಓಶನ್ ಎಂದೆ. ಸಮುದ್ರಕ್ಕೆ ಏನು ದೋಷ? ಅಜ್ಜಿ ಕೆನ್ನೆ ಬಡಿದುಕೊಂಡರು. ಕೊನೆಗೆ ಪರ್ಲ್ ಎಂದೆ. ಮುತ್ತು! ಇದಕ್ಕಿಂತ ಮಂಗಳದ ವಸ್ತು ಉಂಟೇ? ಅಜ್ಜಿ ನನ್ನನ್ನು ಕನಿಕರದಿಂದ ನೋಡಿ, "ಪಾಪ, ಇಂಥಾ ಮಾತೇ ಯಾಕ ಬರ್ತಾವಪ್ಪಾ ನಿನಗ?" ಎಂದರು.

ಸುಜಾತ ಸೆರಗು ಬಾಯಿಗೊತ್ತಿ ನೆಲ ನೋಡುತ್ತಿದ್ದಳು. ನನ್ನ ಗತಿ ನೋಡಿ ಅಳುತ್ತಿದ್ದಾಳೆ ಎಂದುಕೊಂಡೆ. ಇವಳು ಕೈತಪ್ಪಿದಳು ಎಂದೇ ಲೆಕ್ಕ ಹಾಕಿದೆ.

"ಇನ್ನೇನರ ಐತೇನ್ರಿ?" ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡರು. ಅಂದರೆ ಬಾಗಿಲು.

ಎಲ್ಲ ಖಾಲಿ ಎಂದು ಹೇಳಬೇಕಿತ್ತು. ಆದರೆ ನಮ್ಮವ್ವ ನನ್ನನ್ನು ಹಾಗೆ ಬೆಳೆಸಿರಲಿಲ್ಲ. ದೀಪದ ಕಡೆ ನೋಡಿ, "ತಲಿ ತುಂಬೇತ್ರಿ" ಎಂದೆ.

ಅಜ್ಜಿ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವ ತನಕ. "ತೀರೇತಿ ಅನ್ನಲಿಲ್ಲ ನೋಡೋ! ಈ ಹುಡುಗನ್ನ ಬಿಡಬ್ಯಾಡ" ಎಂದು ಮಗನಿಗೆ ಅಪ್ಪಣೆ ಮಾಡಿದರು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ಆ್ಯಪಲ್ ಎಂಬ ಹಣ್ಣೊಂದಿದೆ, ಟೇಬಲ್ ಎಂಬ ಸಾಮಾನೊಂದಿದೆ ಎಂದು ಈ ಇಂಗ್ಲಿಷ್ ಮಾಸ್ತರನಿಗೆ ಹೊಳೆದದ್ದು ಕುರುಗೋಡಿನ ಬಸ್ಸು ಹತ್ತಿದ ಮೇಲೆ.

ಮೊನ್ನೆ ಈ ಕಥೆಯನ್ನು ಮಗಳಿಗೆ ಜಂಬದಿಂದಲೇ ಹೇಳಿದೆ. ಅಜ್ಜಿಯ ದಯೆಯಿಂದ ನಿಮ್ಮವ್ವ ಸಿಕ್ಕಳು ಎಂದೆ. ಚಿನ್ನು ಹುಬ್ಬು ಗಂಟಿಕ್ಕಿ, "ಪರ್ಲ್ ಅಂದ್ರ ಮುತ್ತಲ್ಲಾ? ಅದು ಹ್ಯಾಂಗ ಕೆಟ್ಟ ಮಾತಾತು?" ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಯಾರೋ ಕಿಸಕ್ಕೆಂದರು.

"ಒಂದು ನಮೂನಿ ಹುಣ್ಣು ಅಂತ ಹೇಳಿದ್ನಿ" ಎಂದಳು ಸುಜಾತ.

"ಓಶನ್?" ಎಂದಳು ಚಿನ್ನು.

"ಮಂದಿ ಮುಳುಗಿ ಸಾಯೋ ಜಾಗ."

ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗೊತ್ತಾಗುತ್ತಿದೆ, ಆ ಸಂಜೆ ನನ್ನನ್ನು ಬಾಗಿಲ ತನಕ ಅಟ್ಟಿದವಳು ಇವಳೇ! ನನಗೆ ನಿಜಕ್ಕೂ ಸಿಟ್ಟು ಬಂತು. "ಅಲ್ಲಲೇ, ನಾನು ಸೋತು ಎದ್ದು ಹೋಗಿದ್ರ ಏನು ಮಾಡ್ತಿದ್ದಿ? ಬಂದ ಗಂಡುಗಳಿಗೆಲ್ಲಾ ಹಿಂಗ ಮಾಡಿದ್ದೇನು?"

ಆಕೆ ಸೆರಗಿಗೆ ಕೈ ಒರೆಸಿಕೊಂಡಳು. ಈ ವಯಸ್ಸಿನಲ್ಲೂ ಮುಖ ಕೆಂಪಗಾಗಿತ್ತು.

"ಉಳಿದವ್ರಿಗೆ ನೆಟ್ಟಗ ಅರ್ಥ ಹೇಳೀನಿ, ಬ್ಯಾಗ ಚಹಾ ಕುಡದು ಹೋಗ್ಲಿ ಅಂತ. ನೀವು ಇನ್ನೊಂದೀಟು ಹೊತ್ತು ಕುಂದರ್ಲಿ ಅಂತ ಹಂಗ ಅಂದಿದ್ನಿ."