ಟ್ರಾನ್ಸ್‌ಫಾರ್ಮರಿಗೆ ನಮ್ಮ ಮನೆಯ ಕೂಲರ್

ಈ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾಲ್ವರು ಗಂಡಸರು ನಮ್ಮ ಮನೆಗೆ ಬಂದು ಕೂಲರನ್ನು ಹೊತ್ತುಕೊಂಡು ಹೋದರು. ಕಳ್ಳರಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿ ಮೆಂಬರುಗಳು. ಹೋಗುವಾಗ ಥ್ಯಾಂಕ್ಸ್ ಕೂಡ ಹೇಳಿದರು.

ಕೂಲರ್ ಬೇಕಾಗಿದ್ದದ್ದು ಯಾರಿಗೆ? ಟ್ರಾನ್ಸ್‌ಫಾರ್ಮರಿಗೆ.

ನಗಬೇಡಿ. ಜೂನ್ ತಿಂಗಳಲ್ಲಿ ಒಮ್ಮೆ ಈ ಕಡೆ ಬಂದು ಹೋಗಿ, ಆಮೇಲೆ ನಗುವಿರಂತೆ. ದೆಹಲಿಯ ಪಕ್ಕದ ಗ್ರೇಟರ್ ನೋಯ್ಡಾದ ನಮ್ಮ ಸೊಸೈಟಿಯಲ್ಲಿ ಅರವತ್ತು ಮನೆ, ಅರವತ್ತಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್. ಅದೂ ಸೊಸೈಟಿಯ ಸ್ವಂತದ್ದು, ಕೆಟ್ಟರೆ ಬೈಯಲು ಸರ್ಕಾರ ಕೂಡ ಸಿಗುವುದಿಲ್ಲ. ಬಿಲ್ಡರ್ ಮಹಾಶಯ ಮನೆಗೊಂದು ಎಸಿ ಎಂದುಕೊಂಡು ಅದನ್ನು ತಂದು ಕೂರಿಸಿದ್ದನಂತೆ. ಈಗ ಬೆಡ್‌ರೂಮಿಗೊಂದು, ಡ್ರಾಯಿಂಗ್ ರೂಮಿಗೊಂದು. ಸೆಕ್ರೆಟರಿ ಭಾಟಿಯಾ ಅವರ ಮನೆಯಲ್ಲಿ ನಾಯಿಗೂ ಒಂದು. ಹಾಗಾಗಿ ದಿನಾ ಮಧ್ಯಾಹ್ನ ಢಪ್ ಎಂದು ಕರೆಂಟು ಹೋಗುತ್ತಿತ್ತು.

"ಅಂದರ್ ತೇಲ್ ಉಬಲ್ ರಹಾ ಹೈ, ಸಾಬ್," ಎಂದ ಸತ್ವೀರ್. ಅವನು ನಮ್ಮ ಸೊಸೈಟಿಯ ಎಲೆಕ್ಟ್ರಿಷಿಯನ್. ಒಳಗೆ ಎಣ್ಣೆ ಕುದಿಯುತ್ತಿದೆಯಂತೆ. ಟ್ರಾನ್ಸ್‌ಫಾರ್ಮರಿನ ಹೊಟ್ಟೆ ತುಂಬ ಎಣ್ಣೆ ಇರುತ್ತದೆ. ಕರೆಂಟು ಎಲ್ಲೆಂದರಲ್ಲಿ ಹಾರದಂತೆ ತಡೆಯುವುದೂ ಆ ಎಣ್ಣೆಯೇ, ಒಳಗಿನ ಶಾಖವನ್ನು ಹೊತ್ತು ತಂದು ಪಕ್ಕದ ಪೈಪುಗಳಲ್ಲಿ ಆರಿಸಿಕೊಳ್ಳುವುದೂ ಅದೇ. ಅದು ಕಾದಿದೆ ಎಂದರೆ ಏನು ಮಾಡಬೇಕು? ಗಾಳಿ ಹಾಕಬೇಕು! ಭಾಟಿಯಾ ಅವರಿಗೆ ಹೊಳೆದದ್ದು ಇಷ್ಟೇ. ಆದರೆ ಎಸಿ ಇರುವವರ ಮನೆಯಲ್ಲಿ ಕೂಲರ್ ಎಲ್ಲಿಂದ ಬರಬೇಕು? ಇಡೀ ಸೊಸೈಟಿಯಲ್ಲಿ ಎಸಿ ಇಲ್ಲದ ಮನೆ ಒಂದೇ, ನಮ್ಮದು.

ಅಂದರೆ ನ್ಯಾಯ ನೋಡಿ. ಅವರ ಎಸಿಗಳು ಕಾಯಿಸಿದ್ದನ್ನು ನಮ್ಮ ಕೂಲರ್ ಆರಿಸಬೇಕು!

ನಾನೊಬ್ಬಳೇ ಆಗಿದ್ದರೆ ಹೇಗೋ ಬೆವರು ಒರೆಸಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಅರಸೀಕೆರೆಯಿಂದ ಅಪ್ಪ ಬಂದಿದ್ದರು. ಅರವತ್ತೆಂಟು ವರ್ಷ, ಬಂದ ಎರಡನೆಯ ದಿನಕ್ಕೇ ಮೈತುಂಬ ಬೆವರುಸಾಲೆ. ಆ ಕೂಲರ್ ಇದ್ದದ್ದೇ ಅವರ ಕೋಣೆಯಲ್ಲಿ. ಅವರು ಕಟಿಂಗ್‌ಗೆ ಹೋಗಿದ್ದ ಹೊತ್ತಿನಲ್ಲಿ ನಾನು ಅದನ್ನು ದಾನ ಮಾಡಿಬಿಟ್ಟಿದ್ದೆ. (ದಾಕ್ಷಿಣ್ಯ ಎಂಬುದು ನಮ್ಮ ವಂಶದ ಕಾಯಿಲೆ.)

"ಕೂಲರ್ ಎಲ್ಲಮ್ಮಾ?" ಎಂದರು ಅಪ್ಪ.

"ಟ್ರಾನ್ಸ್‌ಫಾರ್ಮರ್ ಹತ್ರ ಇಟ್ಟಿದಾರಪ್ಪಾ. ತುಂಬಾ ಬಿಸಿ ಆಗಿದೆಯಂತೆ."

ಅಪ್ಪ ಬಿಚ್ಚುತ್ತಿದ್ದ ಶರ್ಟಿನ ಗುಂಡಿಗಳನ್ನು ಮತ್ತೆ ಹಾಕಿಕೊಂಡರು. ನನಗೆ ಆಗಲೇ ಗೊತ್ತಾಗಬೇಕಿತ್ತು.

ಏಕೆಂದರೆ ನಮ್ಮಪ್ಪ ಮೂವತ್ತು ವರ್ಷ ಮಾಡಿದ ಕೆಲಸ ಟ್ರಾನ್ಸ್‌ಫಾರ್ಮರ್ ಎಣ್ಣೆ ಸೋಸುವುದು. ಫಿಲ್ಟರ್ ಮೆಷಿನ್ನನ್ನು ಲಾರಿಯ ಮೇಲೆ ಹೇರಿಕೊಂಡು ಊರೂರಿಗೆ ಹೋಗಿ, ಹಳೆಯ ಎಣ್ಣೆ ಕಾಯಿಸಿ, ಅದರ ನೀರಿನ ಪಸೆ ಮತ್ತು ಕೊಳೆ ತೆಗೆದು, ಮತ್ತೆ ತುಂಬಿಸಿ ಬರುತ್ತಿದ್ದರು. ಮನೆಯಲ್ಲೂ ಚಟ ಬಿಡಲಿಲ್ಲ. ಅಮ್ಮ ಹಪ್ಪಳ ಕರಿದ ಎಣ್ಣೆಯನ್ನು ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದು, "ಇದರ ಆಯಸ್ಸು ಮುಗೀತು ಕಣೇ, ಚೆಲ್ಲು," ಎನ್ನುತ್ತಿದ್ದರು. ಅಮ್ಮ ಅದೇ ಎಣ್ಣೆಯಲ್ಲಿ ಮರುದಿನ ಬೋಂಡ ಕರಿಯುತ್ತಿದ್ದಳು.

ಕೆಳಗೆ ಹೋದರೆ ಅಲ್ಲಿ ಜಾತ್ರೆ. ಬೇಲಿಯೊಳಗೆ ಟ್ರಾನ್ಸ್‌ಫಾರ್ಮರ್, ಬೇಲಿಯ ಹೊರಗೆ ಸ್ಟೂಲಿನ ಮೇಲೆ ನಮ್ಮ ಕೂಲರ್. ಘಮಘಮ ಲಾವಂಚದ ವಾಸನೆಯ ಒದ್ದೆ ಗಾಳಿ. ಸುತ್ತ ಹತ್ತು ಕುರ್ಚಿ, ಚಹಾ. ಎರಡು ವರ್ಷದಿಂದ ನನ್ನ ಹೆಸರೇ ಗೊತ್ತಿರದಿದ್ದವರೆಲ್ಲ "ಆಯಿಯೇ, ಕೂಲರ್‌ವಾಲಿ ಭಾಭೀಜಿ!" ಎಂದು ಎದ್ದು ನಿಂತರು. ಹೇಳಲು ನಾಚಿಕೆಯಾಗುತ್ತದೆ, ನನಗೆ ಭಾರೀ ಖುಷಿಯಾಯಿತು.

"ದೇಖಿಯೇ ಅಂಕಲ್‌ಜೀ, ಕೈಸೇ ಆರಾಮ್ ಸೇ ಬೈಠಾ ಹೈ!" ಎಂದರು ಭಾಟಿಯಾ, ಟ್ರಾನ್ಸ್‌ಫಾರ್ಮರನ್ನು ಹಾಯಾಗಿ ಕೂತ ಮನೆಯ ಅಳಿಯನಂತೆ ತೋರಿಸುತ್ತ.

ಅಪ್ಪನಿಗೆ ಹಿಂದಿ ಬಾರದು. ಕನ್ನಡದಲ್ಲೇ ಶುರು ಮಾಡಿದರು: "ಮೊದಲು ಆ ಕೂಲರ್ ತೆಗೆಸು. ಬುದ್ಧಿ ಇದೆಯಾ ಇವರಿಗೆ? ಟ್ರಾನ್ಸ್‌ಫಾರ್ಮರ್ ಉಸಿರಾಡುತ್ತೆ ಕಣಮ್ಮಾ. ಎಣ್ಣೆ ಕಾದಾಗ ಉಬ್ಬಿ ಗಾಳಿ ಬಿಡುತ್ತೆ, ಆರಿದಾಗ ಎಳ್ಕೊಳ್ಳುತ್ತೆ. ಇವರು ಒದ್ದೆ ಗಾಳಿ ಕುಡಿಸ್ತಾ ಇದಾರೆ! ಆ ಎಣ್ಣೆಗೆ ಒಂದು ತೊಟ್ಟು ನೀರು ಅಂದ್ರೆ ವಿಷ. ಅಲ್ಲಾ, ಟ್ರಾನ್ಸ್‌ಫಾರ್ಮರ್ ತಾನೇ ಕರೆಂಟ್ ಕೊಟ್ಟು ತಾನೇ ಗಾಳಿ ಹಾಕಿಸ್ಕೋಬೇಕಾ? ಹೇಳು, ಹೇಳು ಇವರಿಗೆ."

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅನುವಾದಕಿ. ಹದಿನಾಲ್ಕು ವರ್ಷದ ಸರ್ವಿಸ್. ಆ ಅನುಭವವನ್ನೆಲ್ಲ ಒಟ್ಟುಗೂಡಿಸಿ ಅನುವಾದಿಸಿದೆ:

"ಪಾಪಾ ಕೆಹ್ ರಹೇ ಹೈಂ, ಬಹುತ್ ಅಚ್ಛಾ ಐಡಿಯಾ ಹೈ."

ಭಾಟಿಯಾ ಅಪ್ಪನ ಎರಡೂ ಕೈ ಹಿಡಿದು ಕುಲುಕಿದರು. ಮಾತು ನಾಟಿತು ಎಂದುಕೊಂಡ ಅಪ್ಪ, "ಒಪ್ಪಿದ್ರಾ?" ಎಂದರು. "ಹೂಂ ಅಪ್ಪಾ, ಕಮಿಟೀಲಿ ಮಾತಾಡ್ತಾರಂತೆ," ಎಂದೆ. ಹೀಗೆ ಎರಡು ಭಾಷೆಗಳಿಗೂ ಒಂದೇ ನಿಮಿಷದಲ್ಲಿ ಮೋಸ ಮಾಡಿದ ದಾಖಲೆ ನನ್ನದು.

ಮೂರು ದಿನ ಅಪ್ಪ ಒದ್ದೆ ಟವೆಲ್ ಹೊದ್ದುಕೊಂಡು ಕಿಟಕಿಯ ಬಳಿ ಕುಳಿತರು. ಕೂಲರ್ ಅಲ್ಲೇ ತಿರುಗುತ್ತಿತ್ತು. "ಇನ್ನೂ ಮಾತಾಡಿಲ್ವಾ ಕಮಿಟಿ?" ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದರು. ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಬುಧವಾರ ಮಧ್ಯಾಹ್ನ ಹೋದ ಕರೆಂಟು ಮತ್ತೆ ಬರಲಿಲ್ಲ. (ನಾನು ರಜೆ ಹಾಕಿ ಮನೆಯಲ್ಲಿದ್ದೆ, ನನ್ನ ಪಾಪಕ್ಕೆ.) ಮೇನ್ ಸ್ವಿಚ್ ಹಾಕಿದರೆ ಮತ್ತೆ ಬಿದ್ದುಬಿಡುತ್ತದೆ. ಇನ್ನೊಂದು ಸಲ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತದೆ, ಹೊಸದು ಬರಲು ಮೂರು ವಾರ ಬೇಕು ಎಂದು ಸತ್ವೀರ್ ಕೈಚೆಲ್ಲಿದ. ಜೂನ್ ತಿಂಗಳಲ್ಲಿ ಮೂರು ವಾರ! ಅರವತ್ತು ಮನೆಯ ಬಾಗಿಲುಗಳು ಒಟ್ಟಿಗೇ ತೆರೆದವು. ಆಗ ಭಾಟಿಯಾ ಅವರಿಗೆ ಎರಡನೆಯ ಐಡಿಯಾ ಹೊಳೆಯಿತು: ಬಕೆಟ್ಟಿನಲ್ಲಿ ನೀರು ತಂದು ಹೊಯ್ಯುವುದು.

ಬಕೆಟ್ಟುಗಳ ಸಾಲು ಕಂಡದ್ದೇ ಅಪ್ಪ ಪಂಚೆ, ಬನಿಯನ್ನಿನಲ್ಲೇ ಓಡಿದರು. ಹಿಂದೆ ನಾನು. ಬೇಲಿಯ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟರು. ನನ್ನ ಕಡೆ ನೋಡಲೂ ಇಲ್ಲ. ಸೀದಾ ಸತ್ವೀರನಿಗೆ ಕೂಗಿದರು:

"ಬ್ರೀದರ್! ಸಿಲಿಕಾ ಜೆಲ್! ಬ್ಲೂ? ಪಿಂಕ್?"

ಸತ್ವೀರ್ ಬಕೆಟ್ ಕೆಳಗಿಟ್ಟ. "ಬ್ರೀದರ್..." ಎಂದು ತಲೆ ಕೆರೆದುಕೊಂಡ. "ದಿಖ್ತಾ ನಹೀಂ, ಅಂಕಲ್‌ಜೀ. ಪೇಂಟ್!"

"ಪೇಂಟ್?" ಎಂದರು ಅಪ್ಪ. "ಆಯಿಲ್ ಲೆವೆಲ್? ಗೇಜ್?"

"ಪೇಂಟ್," ಎಂದ ಸತ್ವೀರ್, ಈ ಸಲ ಇನ್ನೂ ಮೆಲ್ಲಗೆ.

ಜನವರಿ ಇಪ್ಪತ್ತಾರಕ್ಕೆ ಸೊಸೈಟಿಯನ್ನು ಚಂದ ಮಾಡಲು ಹೊರಟ ಭಾಟಿಯಾ ಟ್ರಾನ್ಸ್‌ಫಾರ್ಮರಿಗೆ ಅಡಿಯಿಂದ ಮುಡಿಯವರೆಗೆ ಹಸಿರು ಬಳಿಸಿದ್ದರು. ಎಣ್ಣೆಯ ಮಟ್ಟ ನೋಡುವ ಗಾಜಿಗೂ, ಅದು ಉಸಿರಾಡುವ ಡಬ್ಬಿಯ ಗಾಜಿಗೂ! ಸುತ್ತ ಹೂವಿನ ಕುಂಡ ಬೇರೆ.

ಅಪ್ಪ ಮೇಲಿನ ಲೈನ್ ತೋರಿಸಿ "ಆಫ್? ಅರ್ಥ್?" ಎಂದರು. ಸತ್ವೀರ್ ಹೋಗಿ ಲೈನ್ ಆಫ್ ಮಾಡಿಸಿ ಅರ್ಥ್ ಕೊಡುವವರೆಗೆ ಯಾರನ್ನೂ ಬೇಲಿಯೊಳಕ್ಕೆ ಬಿಡಲಿಲ್ಲ, ಸೆಕ್ರೆಟರಿಯನ್ನೂ. ಆಮೇಲೆ ಸತ್ವೀರ್ ಬ್ಲೇಡಿನಿಂದ ಪೇಂಟ್ ಕೆರೆದ. ಗಾಳಿಯ ಪಸೆ ಹೀರಲು ಡಬ್ಬಿಯಲ್ಲಿ ಹಾಕುವ ನೀಲಿ ಹರಳುಗಳೆಲ್ಲ ಒದ್ದೆಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಗೇಜಿನಲ್ಲಿ ಎಣ್ಣೆಯೇ ಕಾಣಲಿಲ್ಲ. ಕುಂಡಗಳನ್ನು ಸರಿಸಿದರೆ ಜಲ್ಲಿಯೆಲ್ಲ ಕಪ್ಪು. ತಿಂಗಳುಗಟ್ಟಲೆ ಕೆಳಗಿನ ವಾಲ್ವಿನಿಂದ ತೊಟ್ಟಿಕ್ಕಿದೆ. ಮೇಲಿನ ಪೈಪಿನವರೆಗೆ ಏರಲು ಎಣ್ಣೆಯೇ ಇಲ್ಲದ ಮೇಲೆ ಅದು ಸುತ್ತಿ ಬರುವುದು ಹೇಗೆ, ಆರುವುದು ಹೇಗೆ?

"ಗ್ಯಾಸ್ಕೆಟ್," ಎಂದರು ಅಪ್ಪ, ವಾಲ್ವಿನ ಸಂದಿಯ ಸವೆದ ರಬ್ಬರ್ ತೋರಿಸಿ. "ಗ್ಯಾಸ್ಕೆಟ್," ಎಂದ ಸತ್ವೀರ್. "ಫಿಲ್ಟರ್ ಮೆಷಿನ್?" "ಘಾಜಿಯಾಬಾದ್." "ಟುಡೇ?" "ಹಾಂಜೀ!"

ಅರಸೀಕೆರೆಗೂ ಉತ್ತರಪ್ರದೇಶಕ್ಕೂ ನಡುವೆ ಭಾಷೆಯ ಸಮಸ್ಯೆ ಇದ್ದದ್ದು ನನ್ನೊಬ್ಬಳಿಂದ ಎಂದು ಆಗ ತಿಳಿಯಿತು.

ಅಷ್ಟಕ್ಕೇ ಮುಗಿಯಬಾರದೇ? ಸತ್ವೀರ್ ಭಾಟಿಯಾರತ್ತ ತಿರುಗಿ, "ಅಂಕಲ್‌ಜೀ ತೋ ಉಸ್ ದಿನ್ ಭೀ ಕೂಲರ್ ಕೀ ತರಫ್ ಹಾಥ್ ಹಿಲಾ ರಹೇ ಥೇ. ಮೇಡಂ ನೇ ಬೋಲಾ, ತಾರೀಫ್ ಕರ್ ರಹೇ ಹೈಂ," ಎಂದ. ಅವತ್ತೂ ಅಂಕಲ್ ಕೂಲರಿನತ್ತ ಕೈ ಬೀಸುತ್ತಿದ್ದರು, ಮೇಡಂ ಅದನ್ನು ಹೊಗಳಿಕೆ ಅಂದುಬಿಟ್ಟರು ಎಂದರ್ಥ. ಕೂಲರ್, ಮೇಡಂ, ಜೊತೆಗೆ ಸತ್ವೀರನ ಕೈ ನನ್ನತ್ತ ತಿರುಗಿದ್ದು. ಅಪ್ಪನಿಗೆ ಇಷ್ಟು ಸಾಕಾಯಿತು.

"ಅವತ್ತು ನೀನು ಅವರಿಗೆ ಏನು ಹೇಳಿದೆ?"

ಹೇಳಿದೆ. ತಲೆ ತಗ್ಗಿಸಿ, ಇದ್ದದ್ದನ್ನು ಇದ್ದ ಹಾಗೆ. ಬನಿಯನ್ನಿನಾಚೆ ಅವರ ಕತ್ತು, ಭುಜಗಳೆಲ್ಲ ಬೆವರುಸಾಲೆಯಿಂದ ಕೆಂಪಾಗಿದ್ದವು. ನಾಲ್ಕು ಜನ ಭಾಭೀಜಿ ಎಂದರೆಂದು ಅಪ್ಪನ ಮೂವತ್ತು ವರ್ಷದ ವಿದ್ಯೆಯನ್ನು ನಾನು ನುಂಗಿ ಕುಳಿತಿದ್ದೆ. ಅಪ್ಪ ಮುಖದ ಬೆವರು ಒರೆಸಿಕೊಂಡರು.

"ಇದಕ್ಕೆ ಸರ್ಕಾರ ನಿನಗೆ ಸಂಬಳ ಬೇರೆ ಕೊಡುತ್ತಾ?" ಎಂದರು.

ಸಂಜೆ ಘಾಜಿಯಾಬಾದಿನಿಂದ ಹೊಸ ಗ್ಯಾಸ್ಕೆಟ್, ಹೊಸ ಎಣ್ಣೆಯ ಪೀಪಾಯಿಗಳ ಜೊತೆ ಮೆಷಿನ್ ಬಂತು. ಮರುದಿನವೆಲ್ಲ ಅಪ್ಪ ಅದರ ಪಕ್ಕ ಕುರ್ಚಿ ಹಾಕಿಕೊಂಡು, ಎಣ್ಣೆಯನ್ನು ಗಾಜಿನ ಲೋಟಕ್ಕೆ ಹಿಡಿಸಿ ಹಿಡಿಸಿ ಬೆಳಕಿಗೆ ನೋಡಿದರು. ಮೊದಲು ಕಡುಕಂದು, ಆಮೇಲೆ ಜೇನು, ಕೊನೆಗೆ ತಿಳಿ ಹಳದಿ. ದೆಹಲಿಗೆ ಬಂದ ಮೇಲೆ ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಕುತುಬ್ ಮಿನಾರ್ ತೋರಿಸಿದಾಗಲೂ "ಚೆನ್ನಾಗಿದೆ" ಎಂದಷ್ಟೇ ಹೇಳಿದ್ದರು.

ಕೂಲರ್ ವಾಪಸ್ ಬಂತು. ಸೊಸೈಟಿಯ ಮೀಟಿಂಗಿನಲ್ಲಿ ಭಾಟಿಯಾ ಅಪ್ಪನಿಗೆ ಶಾಲು ಹೊದಿಸಿದರು (ಜೂನ್‌ನಲ್ಲಿ, ಉಣ್ಣೆಯದು). ಅಪ್ಪ ಎದ್ದು ನಿಂತು, "ಎಣ್ಣೆ ಸರಿಯಾಗಿದೆ. ಹಾಗಂತ ಟ್ರಾನ್ಸ್‌ಫಾರ್ಮರ್ ದೊಡ್ಡದಾಗಿಲ್ಲ. ಇನ್ನು ಮೇಲೆ ಒಂದೇ ಒಂದು ಎಸಿ ಕೂಡ ಹೆಚ್ಚಾಗಬಾರದು," ಎಂದರು. ಈ ಸಲ ಒಂದಕ್ಷರ ಬಿಡದೆ ಅನುವಾದಿಸಿದೆ. ಜೋರು ಚಪ್ಪಾಳೆ ಬಿತ್ತು.

ಹತ್ತು ದಿನವಾಯಿತು, ಕರೆಂಟು ಒಮ್ಮೆಯೂ ಹೋಗಿಲ್ಲ. ಅಪ್ಪ ಮೊನ್ನೆ ಊರಿಗೆ ಹೊರಟರು. ಕರೆಂಟು ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ಈ ವಾರ ನಮ್ಮ ಸೊಸೈಟಿಗೆ ಐದು ಹೊಸ ಎಸಿ ಬಂದಿವೆ.

ಅದರಲ್ಲಿ ಒಂದು ನಮ್ಮದು ಎಂದು ಅಪ್ಪನಿಗೆ ನಿಮ್ಮಲ್ಲಿ ಯಾರಾದರೂ ಫೋನ್ ಮಾಡಿ ಹೇಳುತ್ತೀರಾ?