ಗಿಟಾರಿನ ತಾಳಕ್ಕೆ ಓಡಿದ ಮಗ್ಗ

ಇಳಕಲ್ಲಿನ ಗೆಳೆಯರೇ, ಇವತ್ತು ನನ್ನಿಂದ ಒಂದು ಸೀರೆ ಕೆಡುವುದರಲ್ಲಿತ್ತು. ಇನ್ನೂ ಎದೆ ಹೊಡೆದುಕೊಳ್ಳುತ್ತಿದೆ.

ನನ್ನ ಮೆಚ್ಚಿನ ಹೆವಿ ಮೆಟಲ್ ಗಾಯಕ ತನ್ನ ತಂಡ ಬಿಟ್ಟು ಸ್ವಂತ ಹೆಸರಿನಲ್ಲಿ ಹೊರತಂದ ಮೊದಲ ಎರಡು ಆಲ್ಬಮ್ ಹಾಕಿಕೊಂಡಿದ್ದೆ. ಅವನು ಚೀರಿದರೆ ಗಿಟಾರಿನವನು ಆ ದನಿಯನ್ನು ಹಿಡಿದು ಇನ್ನೂ ಮೇಲಕ್ಕೆ ಒಯ್ಯುತ್ತಾನೆ. ಆಮೇಲಿನ ಆಲ್ಬಮ್‌ಗಳಲ್ಲಿ ಆ ಜೋಡಿ ಸಿಗುವುದಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದಾಗ, ಪಕ್ಕದ ಮನೆಯಲ್ಲಿ ಸೀರೆ ನೇಯುವ ಶಾಂತಕ್ಕ ಬಂದು ಬಾಗಿಲು ಬಡಿದರು.

“ಸರ, ಮೊದಲ ಅದನ್ನ ಬಂದ್ ಮಾಡ್ರಿ! ನಿಮ್ಮ ಹಾಡಿನ ತಾಳಕ್ಕ ಮಗ್ಗ ತುಳಿಯೋ ನನ್ನ ಕಾಲು ಓಡಾಕತ್ತಾವ, ಎಳಿ ಹರಿಯಾಕತ್ತಾವ. ನಾಳೆ ಲಗ್ನದ ಮನಿಯವರು ಸೀರಿ ಒಯ್ಯಾಕ ಬರ್ತಾರ.”

“ತಪ್ಪಾತ್ರಿ ಅಕ್ಕಾರ,” ಎಂದೆ.

“ಆ ಚೀರಾವಂದು ಹೆಂಗೋ ನಡೀತೈತ್ರಿ. ಗಿಟಾರಿನವ ಶುರು ಮಾಡಿದ ಅಂದ್ರ ಕಾಲು ನನ್ನ ಮಾತ ಕೇಳೂದಿಲ್ಲ.”

ಆ ಗಿಟಾರಿನವನನ್ನು ಇಷ್ಟು ಚೆನ್ನಾಗಿ ಹೊಗಳಿದವರನ್ನು ನಾನು ಕಂಡಿಲ್ಲ. ಆದರೆ ಖುಷಿಪಡುವ ಹೊತ್ತು ಅದಾಗಿರಲಿಲ್ಲ. ಹಾಡು ನಿಲ್ಲಿಸಿ, ಗೋಡೆಗೆ ಕಿವಿ ಕೊಟ್ಟು ಕುಳಿತೆ. ಮಗ್ಗ ಮತ್ತೆ ಶುರುವಾಯಿತು. ಖಟಾಖಟ್, ಖಟಾಖಟ್. ಅದೇ ಹಾಡಿನ ತಾಳ, ಅದೇ ಓಟ!

ಹಾಡನ್ನೇನೋ ನಾನು ನಿಲ್ಲಿಸಿದೆ. ಶಾಂತಕ್ಕನ ಕಾಲಿಗೆ ಹೊಕ್ಕಿರುವುದನ್ನು ನಿಲ್ಲಿಸುವ ಬಟನ್ ಎಲ್ಲಿದೆ, ಹೇಳ್ರಪ್ಪಾ?